ಮೂರು ರಾತ್ರಿ ಹಡಗಿನಲ್ಲಿ: ಹೊರಡುವ ಮುನ್ನ ತಿಳಿದಿರಬೇಕಾದ್ದು

“ಅಲ್ಲಿ ಅಡುಗೆ ಯಾರು ಮಾಡ್ತಾರೆ? ಹಡಗು ಅಲ್ಲಾಡಿದರೆ ಪಾತ್ರೆ ಉರುಳೋದಿಲ್ವೇನೆ?”

ಹಡಗಿನ ಪ್ರವಾಸದ ಸುದ್ದಿ ತೆಗೆದಾಗ ನಮ್ಮ ಅತ್ತೆಯವರು ಕೇಳಿದ ಮೊದಲ ಪ್ರಶ್ನೆ ಇದು. ನಗಬೇಡಿ, ನನ್ನ ಮನಸ್ಸಿನಲ್ಲಿ ಇದ್ದದ್ದೂ ಅದೇ. ನಮ್ಮೂರಿನ ಹೆಸರು ಸಾಗರವಾದರೇನು, ಊರಲ್ಲಿ ಸಮುದ್ರವಿಲ್ಲ. ದೋಣಿಯಲ್ಲಿ ಹೊಳೆ ದಾಟಿದ್ದೇ ನನ್ನ ದೊಡ್ಡ ಜಲಯಾತ್ರೆ. ಹೀಗಿರುವಾಗ ಮುಂಬೈಯಲ್ಲಿರುವ ಮೈದುನ, ಅಮ್ಮನಿಗೆ ಎಪ್ಪತ್ತು ತುಂಬಿದ ಸಂತೋಷಕ್ಕೆಂದು, ಮುಂಬೈಯಿಂದ ಗೋವೆಗೆ ಹೋಗಿ ಬರುವ ಹಡಗಿನಲ್ಲಿ ನಮಗೆಲ್ಲ ಮೂರು ರಾತ್ರಿಗೆ ಟಿಕೆಟ್ ಮಾಡಿಸಿಬಿಟ್ಟ.

ಸಂತೋಷಕ್ಕಿಂತ ದಿಗಿಲೇ ಹೆಚ್ಚಾಯಿತು. ಯಾರನ್ನು ಕೇಳೋಣವೆಂದರೆ ನಮ್ಮ ಬೀದಿಯಲ್ಲಿ ಹಡಗು ಹತ್ತಿದವರೇ ಇಲ್ಲ. ಹೋಗಿ ಬಂದ ಮೇಲೆ ಅನ್ನಿಸಿತು, ಇದಿಷ್ಟು ಮೊದಲೇ ಗೊತ್ತಿದ್ದರೆ ಎಷ್ಟೋ ಭಯವೂ ಖರ್ಚೂ ತಪ್ಪುತ್ತಿತ್ತಲ್ಲ ಎಂದು. ನಿಮ್ಮ ಮನೆಯಲ್ಲೂ ಮಗನೋ ಅಳಿಯನೋ ಇಂಥದೊಂದು ಮಾತು ತೆಗೆದಾಗ ನಿಮಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಇದೆಂಥ ಹಡಗು?

ನಾವು ಹೋದ ಹಡಗಿನ ಹೆಸರು ‘ಎಂಪ್ರೆಸ್’. 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ್ದು. ಉದ್ದ ಸುಮಾರು 210 ಮೀಟರು, 11 ಅಂತಸ್ತು. ಹಿಂದೆ ಬೇರೆ ಬೇರೆ ದೇಶಗಳ ಕಡಲಿನಲ್ಲಿ ಓಡಾಡಿ, 2021ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯಾ ಎಂಬ ಕಂಪನಿಯ ಕೈಯಲ್ಲಿ ನಮ್ಮ ದೇಶದ ತೀರದ ಪ್ರಯಾಣ ಶುರುಮಾಡಿತು. ಹಡಗು ಎನ್ನುವುದಕ್ಕಿಂತ ತೇಲುವ ಸಣ್ಣ ಪೇಟೆ ಎನ್ನಿ. ಮಲಗುವ ಕೋಣೆಗಳು, ಊಟದ ಶಾಲೆಗಳು, ನಾಟಕಶಾಲೆ, ಈಜುಕೊಳ, ಮಕ್ಕಳ ಆಟದ ಕೋಣೆ ಎಲ್ಲ ಇವೆ. ಬಾರು, ಜೂಜಿನ ಕೋಣೆಯೂ ಇವೆ, ಆ ಕಡೆ ಹೋಗಲೇಬೇಕೆಂದೇನಿಲ್ಲ.

‘ಸೂಟು ಬೂಟಿನವರ ಮಧ್ಯೆ ನಾವು ಹೇಗಪ್ಪಾ’ ಎಂಬ ಸಂಕೋಚ ಬೇಡ. ಅಜ್ಜಿಯರು, ಕೈಗೂಸಿನ ತಾಯಂದಿರು, ಹೊಸ ಜೋಡಿಗಳು ಎಲ್ಲರೂ ಇದ್ದರು. ಸೀರೆ, ಚೂಡಿದಾರ ಎಲ್ಲವೂ ನಡೆಯುತ್ತದೆ. ಆದರೆ ಒಂದು ಮಾತು: ಮೇಲಿನ ಡೆಕ್ಕಿನಲ್ಲಿ ಗಾಳಿ ಬಲವಾಗಿರುತ್ತದೆ. ಸೆರಗಿಗೂ ನೆರಿಗೆಗೂ ಪಿನ್ನು ಹಾಕದೆ ಹೋಗಬೇಡಿ. ಒಳಗಡೆ ಏರ್‌ಕಂಡೀಷನ್ ಚಳಿ, ಒಂದು ಶಾಲು ಬೇಕೇ ಬೇಕು. ಹಿಮ್ಮಡಿಯ ಚಪ್ಪಲಿ ಬಿಟ್ಟು, ಜಾರದ ಚಪಾತಿ ತಳದ ಚಪ್ಪಲಿ ಹಾಕಿಕೊಳ್ಳಿ.

ಟಿಕೆಟ್ ಮಾಡಿಸುವಾಗ

ಕೋಣೆಗಳಲ್ಲಿ ಮುಖ್ಯವಾಗಿ ಮೂರು ತರಹ. ಕಿಟಕಿಯೇ ಇಲ್ಲದ ಒಳಕೋಣೆ, ಸಮುದ್ರ ಕಾಣುವ ಕಿಟಕಿಯ ಕೋಣೆ, ಬಾಲ್ಕನಿ ಇರುವ ಕೋಣೆ. ಒಳಕೋಣೆ ಅಗ್ಗ. ಆದರೆ ದೀಪ ಆರಿಸಿದರೆ ಹಗಲೂ ಕತ್ತಲೆಯೇ. ಹಿರಿಯರಿದ್ದರೆ ರಾತ್ರಿ ಸ್ನಾನದ ಕೋಣೆಯ ದೀಪ ಹಾಕಿಟ್ಟು ಬಾಗಿಲು ಒರೆ ಮಾಡಿಡಿ. ಸ್ನಾನದ ಕೋಣೆಯ ಹೊಸ್ತಿಲು ಎತ್ತರ, ಕಾಲು ಎಡವುವುದು ಸುಲಭ. ಕೋಣೆಯಂತೂ ನಮ್ಮ ಹಳೇ ಮನೆಯ ಉಗ್ರಾಣದಷ್ಟೇ. ದೊಡ್ಡ ಪೆಟ್ಟಿಗೆ ಒಯ್ದರೆ ನೀವೇ ಅದರ ಮೇಲೆ ಮಲಗಬೇಕಾದೀತು!

ಅಲ್ಲಾಟ ಕಡಿಮೆ ಬೇಕಿದ್ದರೆ ಹಡಗಿನ ನಡುಭಾಗದ, ಕೆಳ ಅಂತಸ್ತಿನ ಕೋಣೆ ಕೇಳಿ. ತೊಟ್ಟಿಲು ತೂಗುವಾಗ ನಡುವಿಗಿಂತ ಅಂಚುಗಳೇ ಹೆಚ್ಚು ಏರಿಳಿಯುತ್ತವಲ್ಲ, ಇದೂ ಹಾಗೆಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ಕೆರಳಿರುತ್ತದೆ. ಚಳಿಗಾಲದ ತಿಂಗಳುಗಳು ಮೊದಲ ಸಲದವರಿಗೆ ಒಳ್ಳೆಯದು.

ತುಂಬು ಬಸುರಿಯರನ್ನು ಹಡಗಿಗೆ ಹತ್ತಿಸಿಕೊಳ್ಳುವುದಿಲ್ಲ. ಸಾಮಾನ್ಯವಾಗಿ 24 ವಾರ ತುಂಬಿದ ಮೇಲೆ ಬೇಡವೆನ್ನುತ್ತಾರೆ. ತೀರ ಎಳೆಗೂಸುಗಳಿಗೂ ವಯಸ್ಸಿನ ನಿಯಮವುಂಟು. ಹಣ ಕಟ್ಟುವ ಮುನ್ನವೇ ಕೇಳಿ.

ಇನ್ನು ಖರ್ಚು. ಟಿಕೆಟ್ಟಿನಲ್ಲಿ ಮಲಗುವ ಕೋಣೆ, ದಿನದ ಊಟ-ತಿಂಡಿ, ಹೆಚ್ಚಿನ ಮನರಂಜನೆ ಸೇರಿರುತ್ತದೆ. ಬಂದರಿನ ಶುಲ್ಕ, ಸೇವಾಶುಲ್ಕ, ತೆರಿಗೆಗಳು ಸೇರಿವೆಯೇ ಇಲ್ಲವೇ ಎಂದು ಬರಹದಲ್ಲೇ ಕೇಳಿಕೊಳ್ಳಿ. ತಂಪು ಪಾನೀಯ, ವಿಶೇಷ ಹೋಟೆಲು, ಮಾಲೀಸು, ಊರು ನೋಡುವ ಬಸ್ಸು ಇವೆಲ್ಲಕ್ಕೂ ಸಾಮಾನ್ಯವಾಗಿ ಬೇರೆ ದುಡ್ಡು. ಹಡಗಿನಲ್ಲಿ ನಿಮಗೊಂದು ಕಾರ್ಡು ಕೊಡುತ್ತಾರೆ. ಅದೇ ಬೀಗದಕೈ, ಅದೇ ಗುರುತಿನ ಚೀಟಿ, ಅದೇ ಪರ್ಸು. ಕೈಯಿಂದ ನೋಟು ಹೋಗದ್ದರಿಂದ ಖರ್ಚಾದದ್ದೇ ತಿಳಿಯುವುದಿಲ್ಲ. ನಮ್ಮ ಮಗ ಒಂದೇ ಮಧ್ಯಾಹ್ನ ಮೂರು ಗ್ಲಾಸು ಬಣ್ಣದ ಶರಬತ್ತು ಕುಡಿದು ಕಾರ್ಡು ತೋರಿಸಿ ಬಂದಿದ್ದ! ಮಕ್ಕಳ ಕಾರ್ಡಿಗೆ ಮೊದಲೇ ಮಿತಿ ಹಾಕಿಸಿ. ದಿನಕ್ಕೊಮ್ಮೆ ಲೆಕ್ಕ ಕೇಳಿ. ಮನೆಯಲ್ಲಿ ಹಾಲಿನ ಲೆಕ್ಕ ಬರೆಯುವವರಿಗೆ ಇದೇನು ಮಹಾ?

ಏನು ಒಯ್ಯಬೇಕು, ಏನು ಬೇಡ

ನಾನು ಕೋಡುಬಳೆ, ಚಟ್ನಿಪುಡಿ, ಉಪ್ಪಿನಕಾಯಿ ಎಲ್ಲ ಕಟ್ಟಿಕೊಂಡು ಹೊರಟಿದ್ದೆ. ಓರಗಿತ್ತಿ ಮುಂಬೈಯ ಮನೆಯಲ್ಲೇ ಎಲ್ಲ ಇಳಿಸಿದಳು. ಹೊರಗಿನ ತಿಂಡಿ ಒಯ್ಯಲು ಬಿಡುವುದಿಲ್ಲ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ಊದುಬತ್ತಿ, ಬೆಂಕಿಪೆಟ್ಟಿಗೆ ಯಾವುದೂ ಕೂಡದು. ನಡುಸಮುದ್ರದಲ್ಲಿ ಬೆಂಕಿಯಷ್ಟು ಭಯ ಬೇರೆ ಯಾವುದಕ್ಕೂ ಇಲ್ಲ, ಓಡಿ ಹೋಗಲು ಬೀದಿ ಇಲ್ಲವಲ್ಲ.

ಕೈಚೀಲದಲ್ಲಿ ಇರಬೇಕಾದ್ದು: ಆಧಾರ್ ಮುಂತಾದ ಗುರುತಿನ ಚೀಟಿ, ಟಿಕೆಟ್ಟು, ನಿತ್ಯದ ಔಷಧಿ ಮತ್ತು ವೈದ್ಯರ ಚೀಟಿ, ಮಕ್ಕಳಿಗೊಂದು ಜೊತೆ ಬಟ್ಟೆ. ದೊಡ್ಡ ಪೆಟ್ಟಿಗೆಗಳನ್ನು ಬಂದರಿನಲ್ಲೇ ತೆಗೆದುಕೊಂಡು ಆಮೇಲೆ ಕೋಣೆಗೆ ಕಳಿಸುತ್ತಾರೆ, ಬರಲು ಕೆಲವು ಗಂಟೆಯಾಗಬಹುದು. ಸಕ್ಕರೆ ಕಾಯಿಲೆಯ ಮಾತ್ರೆ ಆ ಪೆಟ್ಟಿಗೆಯಲ್ಲಿ ಉಳಿದರೆ ಕಷ್ಟ. ಹಡಗಿನಲ್ಲಿ ವೈದ್ಯರಿರುತ್ತಾರೆ, ಆದರೆ ಅದಕ್ಕೂ ಬೇರೆ ಫೀಸು.

ಏಳು ಚಿಕ್ಕ ಕೂಗು, ಒಂದು ಉದ್ದ ಕೂಗು

ಈಗ ಮುಖ್ಯ ಮಾತಿಗೆ ಬರುತ್ತೇನೆ.

ಮುಂಬೈ ಬಂದರಿನಲ್ಲಿ ಹಡಗನ್ನು ಕಂಡದ್ದೇ ನಮ್ಮ ಅತ್ತೆಯವರು ನಿಂತುಬಿಟ್ಟರು. “ನಾನು ಬರೋದಿಲ್ಲ, ನೀವು ಹೋಗಿ ಬನ್ನಿ” ಎಂದರು. ಅವರ ತಂದೆ ಮುಂಬೈಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದವರು. 1947ರ ಜುಲೈ 17ರಂದು ಮುಂಬೈಯಿಂದ ರೇವಸ್‌ಗೆ ಹೊರಟ ‘ರಾಮದಾಸ್’ ಎಂಬ ಸ್ಟೀಮರು ಮಳೆಗಾಳಿಗೆ ಸಿಕ್ಕಿ ಮುಳುಗಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ಅವರ ಜೊತೆ ಲೋಟ ತೊಳೆಯುತ್ತಿದ್ದ ಕೊಂಕಣದ ಹುಡುಗನೊಬ್ಬ ಅದರಲ್ಲಿದ್ದನಂತೆ, ಮತ್ತೆ ಬರಲಿಲ್ಲವಂತೆ. ಚಿಕ್ಕಂದಿನಿಂದ ಆ ಕಥೆ ಕೇಳಿ ಬೆಳೆದವರು ನಮ್ಮ ಅತ್ತೆ. ಇಷ್ಟು ದಿನ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ. ಪಾತ್ರೆ ಉರುಳೋದಿಲ್ವೇನೆ ಎಂದು ಕೇಳಿದ್ದರ ಹಿಂದೆ ಏನಿತ್ತೆಂದು ನನಗೆ ಆಗ ಹೊಳೆಯಿತು.

ಹೇಗೋ ಕೈಹಿಡಿದು ಹತ್ತಿಸಿದೆವು. ಕೋಣೆಗೆ ಬಂದವರು ಮಂಚದ ತುದಿಯಲ್ಲಿ ಕಣ್ಣುಮುಚ್ಚಿ ಕೂತರು.

ಹಡಗು ಹೊರಡುವ ಮುನ್ನ ಎಲ್ಲರನ್ನೂ ಕರೆದು ಆಪತ್ಕಾಲದ ಅಭ್ಯಾಸ ಮಾಡಿಸಿದರು. ಏಳು ಚಿಕ್ಕ ಕೂಗು, ಆಮೇಲೆ ಒಂದು ಉದ್ದ ಕೂಗು ಕೇಳಿದರೆ ಅಪಾಯವೆಂದು ಅರ್ಥ. ಆಗ ಯಾವ ಜಾಗಕ್ಕೆ ಬಂದು ಸೇರಬೇಕು, ಕಿತ್ತಳೆ ಬಣ್ಣದ ತೇಲುವ ಜಾಕೀಟನ್ನು ಹೇಗೆ ಕಟ್ಟಿಕೊಳ್ಳಬೇಕು, ಲಿಫ್ಟು ಏಕೆ ಹತ್ತಬಾರದು ಎಲ್ಲ ತೋರಿಸಿದರು. ನಾನಂತೂ ‘ಈಗ ಕಾಫಿ ಕುಡಿಯೋ ಹೊತ್ತು, ಇದೆಲ್ಲ ಯಾಕೆ’ ಅಂದುಕೊಂಡಿದ್ದೆ. ಅತ್ತೆಯವರು ಮಾತ್ರ ಬೆರಳು ಮಡಚಿ ಏಳು ಕೂಗನ್ನೂ ಎಣಿಸುತ್ತಿದ್ದರು. ಮುಗಿದ ಮೇಲೆ ಆ ಜಾಗದಿಂದ ನಮ್ಮ ಕೋಣೆಯವರೆಗೆ ಎಷ್ಟು ಮೆಟ್ಟಿಲು ಎಂದು ನಡೆದು ನೋಡಿದರು. ಆಮೇಲೆ ಮಂಚದ ಮೇಲೆ ಕಾಲು ನೀಡಿ ಕೂತು, “ಪಾಪ, ಅವರಿಗೆ ಯಾರೂ ಹೀಗೆ ಹೇಳಿಕೊಟ್ಟಿರಲಿಕ್ಕಿಲ್ಲ ಕಣೇ” ಅಂದರು. ಅಂದು ರಾತ್ರಿ ಅವರಿಗೆ ಒಳ್ಳೆ ನಿದ್ದೆ.

ಈ ಅಭ್ಯಾಸ ಸುಮ್ಮನೆ ಬಂದದ್ದಲ್ಲ. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಎಲ್ಲರಿಗೂ ಸಾಕಾಗುವಷ್ಟು ದೋಣಿಗಳೇ ಅದರಲ್ಲಿರಲಿಲ್ಲ. ಅದಾದ ಮೇಲೆ 1914ರಲ್ಲಿ ಹಲವು ದೇಶದವರು ಲಂಡನ್ನಿನಲ್ಲಿ ಸೇರಿ ನಿಯಮ ಮಾಡಿದರು. 2012ರ ಜನವರಿಯಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಹಡಗು ಬಂಡೆಗೆ ತಾಗಿ ವಾಲಿ, 32 ಜನ ಸತ್ತರು. ಅಂದು ಹತ್ತಿದ್ದ ಎಷ್ಟೋ ಜನರಿಗೆ ಅಭ್ಯಾಸ ಇನ್ನೂ ಮಾಡಿಸಿರಲಿಲ್ಲ. ಈಗ ಹಡಗು ಹೊರಡುವ ಮುನ್ನ, ಇಲ್ಲವೇ ಹೊರಟ ಕೂಡಲೇ ಇದನ್ನು ಮಾಡಿಸಲೇಬೇಕು. ಆದ್ದರಿಂದ ತಪ್ಪಿಸಬೇಡಿ, ಮಾತಾಡುತ್ತ ನಿಲ್ಲಬೇಡಿ. ಚಿಕ್ಕ ಮಕ್ಕಳಿದ್ದರೆ ಅವರ ಅಳತೆಯ ಜಾಕೀಟನ್ನು ಕೇಳಿ ಪಡೆಯಿರಿ.

ಹೊಟ್ಟೆ ತೊಳಸಿದರೆ

ಮೊದಲ ರಾತ್ರಿ ಕಷ್ಟಪಟ್ಟವಳು ನಾನು. ಸಾಲಾಗಿ ಇಟ್ಟ ಭಕ್ಷ್ಯಗಳನ್ನು ನೋಡಿ, ಕೊಟ್ಟ ದುಡ್ಡಿಗೆ ಮೋಸವಾಗಬಾರದೆಂದು ಎಲ್ಲವನ್ನೂ ಬಡಿಸಿಕೊಂಡೆ. ಹತ್ತು ಗಂಟೆಗೆ ಹೊಟ್ಟೆ ತೊಳಸಲು ಶುರು!

ಕಣ್ಣು ‘ಕೋಣೆ ನಿಂತಿದೆ’ ಎನ್ನುತ್ತದೆ, ಕಿವಿಯೊಳಗಿನ ತೂಕದ ಅಂಗ ‘ಇಲ್ಲ, ಅಲ್ಲಾಡುತ್ತಿದೆ’ ಎನ್ನುತ್ತದೆ. ಈ ಜಗಳದಿಂದಲೇ ವಾಂತಿ. ಹೊರಗೆ ಗಾಳಿಗೆ ಬಂದು ದೂರದ ದಿಗಂತವನ್ನು ನೋಡುತ್ತ ನಿಂತರೆ ಎರಡೂ ಒಪ್ಪಿಕೊಳ್ಳುತ್ತವೆ. ಮಾತ್ರೆ ಬೇಕೆನಿಸಿದರೆ ಊರಲ್ಲೇ ವೈದ್ಯರನ್ನು ಕೇಳಿ ತಂದಿಟ್ಟುಕೊಳ್ಳಿ. ತೊಳಸಲು ಶುರುವಾದ ಮೇಲಲ್ಲ, ಮೊದಲೇ ನುಂಗಬೇಕು. ಶುಂಠಿ ಹಲವರಿಗೆ ಹಿತ. ಎಣ್ಣೆ ತಿಂಡಿ ಬಿಟ್ಟು ಮೊಸರನ್ನ ತಿನ್ನಿ. ಆದರೆ ಪೂರ್ತಿ ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ.

ಊಟದಲ್ಲಿ ಸಸ್ಯಾಹಾರಕ್ಕೆ ಕೊರತೆಯಿಲ್ಲ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಜೈನ ಊಟವೂ ಇದೆ. ಇಂಥವನ್ನು ಟಿಕೆಟ್ ಮಾಡಿಸುವಾಗಲೇ ಹೇಳಿಡಿ. ಅತ್ತೆಯವರು ಅನ್ನ, ತೊವ್ವೆ, ಮೊಸರಿನಲ್ಲಿ ಸಮಾಧಾನವಾಗಿದ್ದರು. ಊಟಕ್ಕೆ ಮುಂಚೆ ಪ್ರತಿ ಸಲವೂ ಸೋಪು ಹಾಕಿ ಕೈತೊಳೆಯಿರಿ. ಸಾವಿರಾರು ಜನ ಮುಟ್ಟಿದ ಸೌಟು, ಒಬ್ಬರ ವಾಂತಿ-ಭೇದಿ ಬೇಗ ಇನ್ನೊಬ್ಬರಿಗೆ ಹರಡುತ್ತದೆ.

ಮಕ್ಕಳ ಮೇಲೆ ಒಂದು ಕಣ್ಣು

ಕಟಕಟೆಯ ಮೇಲೆ ಹತ್ತಬಾರದು, ಬಾಲ್ಕನಿಯ ಕುರ್ಚಿಯನ್ನು ಕಟಕಟೆಯ ಹತ್ತಿರ ಎಳೆಯಬಾರದು. ಈ ಎರಡನ್ನು ಮೊದಲ ದಿನವೇ ಗದರಿಸಿ ಹೇಳಿ. ಕೋಣೆಯ ನಂಬರು ಬರೆದ ಚೀಟಿ ಮಕ್ಕಳ ಜೇಬಿನಲ್ಲಿರಲಿ. ತಪ್ಪಿಸಿಕೊಂಡರೆ ಸೇರುವ ಜಾಗ ಗೊತ್ತುಮಾಡಿ. ತೀರ ಬಿಟ್ಟು ದೂರ ಹೋದ ಮೇಲೆ ಮೊಬೈಲು ಸಿಗುವುದಿಲ್ಲ. ಹಡಗಿನ ಉಪಗ್ರಹ ಸಂಪರ್ಕ ದುಬಾರಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿಬಿಡಿ. ಈಜುಕೊಳದ ಬಳಿ ಮನೆಯ ದೊಡ್ಡವರೊಬ್ಬರು ಇರಲೇಬೇಕು.

ಗೋವೆಯಲ್ಲಿ ಹಡಗು ನಿಲ್ಲುವುದು ಮೊರ್ಮುಗಾಂವ್ ಬಂದರಿನಲ್ಲಿ. ಪಣಜಿ ಅಲ್ಲಿಂದ ಸುಮಾರು 30 ಕಿಲೋಮೀಟರು. ಹಡಗಿಗೆ ಮರಳುವ ಹೊತ್ತನ್ನು ಬರೆದುಕೊಂಡೇ ಇಳಿಯಿರಿ. ತಡವಾದವರಿಗಾಗಿ ಹಡಗು ಕಾಯುವುದಿಲ್ಲ.

ಹಾಂ, ಇನ್ನೊಂದು. ಮುಂಬೈಯಿಂದ ಗೋವೆಗೆ ಹೋಗುವಾಗ ಸೂರ್ಯ ಹುಟ್ಟುವುದು ಎಡಬದಿಗೆ, ಮುಳುಗುವುದು ಬಲಬದಿಗೆ. ಬರುವಾಗ ತಿರುವುಮುರುವು. ದೀಪ ಹಚ್ಚುವಂತಿಲ್ಲವಲ್ಲ ಎಂದು ಕೊರಗುತ್ತಿದ್ದ ಅತ್ತೆಯವರು ಎರಡನೇ ದಿನ ಬೆಳಗ್ಗೆ ನನ್ನನ್ನೇ ಎಬ್ಬಿಸಿಕೊಂಡು ಡೆಕ್ಕಿಗೆ ಹೋದರು. ಸೂರ್ಯ ನೀರಿನ ಮೇಲೆ ಬಂದಾಗ ಕೈಮುಗಿದರು. ಆಮೇಲೆ ಇನ್ನೊಮ್ಮೆ ಕೈಮುಗಿದರು. ಅದು ಯಾರಿಗೆಂದು ನಾನು ಕೇಳಲಿಲ್ಲ.

ನನ್ನ ವಿಷಯ ಕೇಳುತ್ತೀರಾ? ಆ ಬೆಳಗ್ಗೆ ಆರು ಗಂಟೆಗೆ ಹಾಲು ಕಾಯಿಸುವುದಿರಲಿಲ್ಲ, ಡಬ್ಬಿ ಕಟ್ಟುವುದಿರಲಿಲ್ಲ. ಕೈ ಎಲ್ಲಿ ಇಟ್ಟುಕೊಳ್ಳಬೇಕೆಂದೇ ತಿಳಿಯದೆ ಸ್ವಲ್ಪ ಹೊತ್ತು ಚಡಪಡಿಸಿದೆ. ಯಾರೋ ಮಾಡಿಟ್ಟ ಕಾಫಿಯನ್ನು, ಬಿಸಿ ಇರುವಾಗಲೇ, ಕೂತು ಕುಡಿದೆ. ನೀವೂ ಹೋದರೆ ಮಕ್ಕಳು ತಿಂದರಾ, ಯಜಮಾನರ ಬನಿಯನ್ ಒಣಗಿತಾ ಎಂದು ಓಡಾಡುತ್ತ ಮೂರು ದಿನ ಕಳೆದುಬಿಡಬೇಡಿ. ಬೇಕಾದ್ದನ್ನೆಲ್ಲ ಮೊದಲೇ ತಿಳಿದುಕೊಂಡು ಹೊರಡುವುದು ಅದಕ್ಕೇ. ಹತ್ತಿದ ಮೇಲೆ ಒಂದಿಷ್ಟು ಹೊತ್ತು ಸುಮ್ಮನೆ ಕೂರಬಹುದು.