ಅದಿರು ಹೋಯಿತು, ಕಾರು ಬಂತು: ಕ್ಯಾಡಿಲಾಕ್‌ನ ಏಳುಬೀಳು

ಗೋವಾದ ವಾಸ್ಕೋ ದಾಟಿ ಮುಂದೆ ಹೋದರೆ ಝುವಾರಿ ನದಿ ಕಡಲು ಸೇರುವ ಅಳಿವೆ, ಅದರ ದಕ್ಷಿಣ ದಂಡೆಗೆ ಮುರ್ಮುಗಾಂವ್ ಬಂದರು. 1880ರ ದಶಕದಲ್ಲಿ ಪೋರ್ಚುಗೀಸರ ಆಳ್ವಿಕೆಯಲ್ಲಿ ಬಂದರು ಮತ್ತು ರೈಲುಮಾರ್ಗ ಎರಡನ್ನೂ ಜೊತೆಯಲ್ಲೇ ಕಟ್ಟಲಾಯಿತು. ಆ ಹಳಿ ಘಟ್ಟ ಹತ್ತಿ ಕ್ಯಾಸಲ್ ರಾಕ್ ಮೂಲಕ ಲೋಂಡಾ, ಹುಬ್ಬಳ್ಳಿಯ ದಾರಿ ಸೇರುತ್ತದೆ. ಹೊಸಪೇಟೆ ಕಡೆಯ ಅದಿರು ದಶಕಗಟ್ಟಲೆ ಇದೇ ಹಳಿಯಲ್ಲಿ ಘಟ್ಟ ಇಳಿದು ಹಡಗು ಹತ್ತಿದೆ. ಉತ್ತರ ಕರ್ನಾಟಕದಿಂದ ಇಲ್ಲಿಗೆ ದುಡಿಯಲು ಬಂದವರ ಮಕ್ಕಳು, ಮೊಮ್ಮಕ್ಕಳು ವಾಸ್ಕೋ, ಬೈನಾ ಸುತ್ತಮುತ್ತ ಇವತ್ತಿಗೂ ಮನೆಯಲ್ಲಿ ಕನ್ನಡವನ್ನೇ ಆಡುತ್ತಾರೆ. ಇಂಥ ಧೂಳಿನ ಬಂದರಿಗೂ ಅಮೆರಿಕದ ಐಷಾರಾಮಿ ಕಾರಿಗೂ ಏನು ನಂಟು ಎಂದು ಕೇಳಿದರೆ, ಉತ್ತರ 1950ರ ದಶಕದಲ್ಲಿದೆ.

ಆಗ ಕ್ಯಾಸಲ್ ರಾಕ್ ಎಂದರೆ ಪೋರ್ಚುಗೀಸ್ ಗೋವಾದ ಗಡಿ. ಗಡಿಯ ಈಚೆ ಸ್ವತಂತ್ರ ಭಾರತ ವಿದೇಶಿ ವಿನಿಮಯವನ್ನು ಬಿಗಿಯಾಗಿ ಹಿಡಿದು ಕೂತಿತ್ತು. 1928ರಿಂದ ಮುಂಬೈಯಲ್ಲಿ ಕಾರು ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ ಹೊಸ ನೀತಿಗೆ ಹೊಂದಿಕೊಳ್ಳಲಾರದೆ 1954ರಲ್ಲಿ ಬಾಗಿಲು ಹಾಕಿತು. ಹಣವಿದ್ದವರೂ ಅಂಬಾಸಿಡರ್ ಅಥವಾ ಫಿಯಟ್‌ಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವ ಕಾಲ ಅದು. ಗಡಿಯ ಆಚೆ ಚಿತ್ರವೇ ಬೇರೆ. 1955ರಲ್ಲಿ ಭಾರತ ಆರ್ಥಿಕ ದಿಗ್ಬಂಧನ ಹೇರಿ ರೈಲು ನಿಲ್ಲಿಸಿದ ಮೇಲೆ ಗೋವಾಕ್ಕೆ ಉಳಿದ ಮುಖ್ಯ ಬಾಗಿಲು ಕಡಲು. ಅದಿರು ಮಾರಿ ಬಂದ ಹಣ ಕೈಯಲ್ಲಿತ್ತು, ಆಮದಿಗೆ ಕಟ್ಟುಪಾಡು ಕಡಿಮೆ. ಮುರ್ಮುಗಾಂವ್‌ನಲ್ಲಿ ಸ್ಕಾಚ್ ಇಳಿಯಿತು, ಸ್ವಿಸ್ ವಾಚು ಇಳಿಯಿತು, ಯುರೋಪು ಮತ್ತು ಅಮೆರಿಕದ ಕಾರುಗಳೂ ಇಳಿದವು. ವಾಚು, ಚಿನ್ನದಂಥ ಕೈಯಲ್ಲಿ ಹಿಡಿಯುವ ಮಾಲು ಕತ್ತಲಲ್ಲಿ ಕಾರವಾರದ ಕಡೆಗೂ ದಾಟಿತು. ಕಾರು ದಾಟಿಸುವುದು ಅಷ್ಟು ಸಲೀಸಲ್ಲ.

ಇಲ್ಲಿಂದ ಹೊರಟ ಅದಿರಿನ ದೊಡ್ಡ ಗಿರಾಕಿ ಜಪಾನ್. ಯುದ್ಧದಲ್ಲಿ ಸುಟ್ಟುಹೋಗಿದ್ದ ಅದರ ಉಕ್ಕಿನ ಕಾರ್ಖಾನೆಗಳು ಮತ್ತೆ ಏಳುತ್ತಿದ್ದವು. ಗೋವಾದ ಗಣಿಯಿಂದ ನದಿಗೆ, ನದಿಯಲ್ಲಿ ಬಾರ್ಜಿನಿಂದ ಬಂದರಿಗೆ, ಬಂದರಿನಿಂದ ಜಪಾನಿಗೆ ಹೀಗೆ ಕೆಮ್ಮಣ್ಣು ಸಾಗಿತು. ಹಡಗಿನಲ್ಲಿ ಬಂದಿಳಿದ ಉದ್ದನೆಯ ಅಮೆರಿಕನ್ ಕಾರಿನ ಹೊಳಪು ಕಂಡು ಬೆರಗಾದವರಿಗೆ, ಪಕ್ಕದಲ್ಲೇ ತುಂಬಿಕೊಳ್ಳುತ್ತಿದ್ದ ಅದಿರು ಮುಂದೊಂದು ದಿನ ಆ ಕಾರಿನ ಸಿಂಹಾಸನ ಅಲುಗಿಸೀತು ಎಂದು ಹೇಗೆ ತಾನೇ ಹೊಳೆದೀತು?

ಆ ಸಿಂಹಾಸನದ ಮೇಲಿದ್ದದ್ದು ಕ್ಯಾಡಿಲಾಕ್.

ಅದು ಹುಟ್ಟಿದ್ದು ಇನ್ನೊಂದು ಕಂಪನಿಯ ಸಾವಿನ ಮನೆಯಲ್ಲಿ. ಹೆನ್ರಿ ಫೋರ್ಡ್ ತನ್ನ ಹೆಸರಿನ ಕಂಪನಿಯಲ್ಲೇ ಹಣ ಹಾಕಿದವರೊಂದಿಗೆ ಜಗಳವಾಡಿ 1902ರಲ್ಲಿ ಹೊರನಡೆದ. ಮುಚ್ಚಿ ಮಾರಿಬಿಡೋಣ ಎಂದುಕೊಂಡ ಪಾಲುದಾರರು ಯಂತ್ರಗಳ ಬೆಲೆ ಕಟ್ಟಲು ಹೆನ್ರಿ ಲೆಲ್ಯಾಂಡ್ ಎಂಬ ಹಿರಿಯ ಎಂಜಿನಿಯರನ್ನು ಕರೆಸಿದರು. ಬೆಲೆ ಕಟ್ಟಲು ಬಂದ ಲೆಲ್ಯಾಂಡ್, ಮುಚ್ಚಬೇಡಿ, ನನ್ನ ಎಂಜಿನ್ ಹಾಕಿ ಕಾರು ಮಾಡಿ ಎಂದು ಅವರ ಮನವೊಲಿಸಿದ. 1701ರಲ್ಲಿ ಡೆಟ್ರಾಯಿಟ್ ಊರನ್ನು ಸ್ಥಾಪಿಸಿದ ಫ್ರೆಂಚ್ ಅಧಿಕಾರಿ ಕ್ಯಾಡಿಲಾಕ್‌ನ ಹೆಸರನ್ನೂ ಅವನ ಕುಲಲಾಂಛನವನ್ನೂ ಕಾರಿಗೆ ಅಂಟಿಸಿದರು. ತಮಾಷೆ ಎಂದರೆ ಆ ಮಹಾಶಯನ ಕುಲೀನತೆಯೇ ಸ್ವಯಂಘೋಷಿತ. ಅಮೆರಿಕಕ್ಕೆ ಬಂದ ಮೇಲೆ ತಾನೇ ಬಿರುದು ಕಟ್ಟಿಕೊಂಡವನು. ಲಾಂಛನ ಸುಳ್ಳಾದರೂ ಕಾರು ಸುಳ್ಳಾಗಿರಲಿಲ್ಲ. 1903ರ ಜನವರಿಯಲ್ಲಿ ನ್ಯೂಯಾರ್ಕ್ ಪ್ರದರ್ಶನದಲ್ಲೇ ಎರಡು ಸಾವಿರಕ್ಕೂ ಹೆಚ್ಚು ಬೇಡಿಕೆ ಬಂತು.

ಲೆಲ್ಯಾಂಡ್ ಬಂದೂಕು ಕಾರ್ಖಾನೆಗಳಲ್ಲಿ ಪಳಗಿದವನು. ಒಂದು ಬಂದೂಕಿನ ಬಿಡಿಭಾಗ ಇನ್ನೊಂದಕ್ಕೆ ಅರ ಹಿಡಿಯದೆ ಕೂರಬೇಕು ಎನ್ನುವುದು ಅಲ್ಲಿಯ ಪಾಠ. ಆಗಿನ ಕಾರುಗಳಲ್ಲಿ ಅದು ಕನಸಿನ ಮಾತು. ಒಂದೊಂದು ಭಾಗವನ್ನೂ ಮಿಸ್ತ್ರಿ ಉಜ್ಜಿ, ತಟ್ಟಿ ಕೂರಿಸಬೇಕಿತ್ತು. 1908ರಲ್ಲಿ ಲಂಡನ್ ಸಮೀಪದ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಬ್ರಿಟನ್ನಿನ ರಾಯಲ್ ಆಟೊಮೊಬೈಲ್ ಕ್ಲಬ್ ನಡೆಸಿದ ಪರೀಕ್ಷೆಯನ್ನು ನೋಡಿ. ಮೂರು ಕ್ಯಾಡಿಲಾಕ್ ಕಾರುಗಳನ್ನು ನಟ್ಟು ಬೋಲ್ಟು ಸಹಿತ ಪೂರಾ ಬಿಚ್ಚಿದರು. ಒಂದೊಂದರಲ್ಲಿ 721 ಭಾಗ. ಎಲ್ಲವನ್ನೂ ಒಂದೇ ರಾಶಿ ಮಾಡಿ ಕಲಸಿದರು. ಅಷ್ಟು ಸಾಲದೆಂದು 89 ಭಾಗಗಳನ್ನು ಎತ್ತಿಟ್ಟು, ಬದಲಿಗೆ ಮಾರಾಟಗಾರನ ದಾಸ್ತಾನಿನಿಂದ ಬೇರೆಯವನ್ನು ತಂದು ಹಾಕಿದರು. ಆಮೇಲೆ ಮೆಕ್ಯಾನಿಕ್‌ಗಳ ಕೈಗೆ ಸ್ಪ್ಯಾನರು, ಸ್ಕ್ರೂಡ್ರೈವರು ಕೊಟ್ಟು ಜೋಡಿಸಿ ಎಂದರು. ಅರ ಮುಟ್ಟುವಂತಿಲ್ಲ. ರಾಶಿಯಿಂದ ಮತ್ತೆ ಮೂರು ಕಾರು ಎದ್ದವು, 500 ಮೈಲಿ ಓಡಿದವು. ಕ್ಲಬ್ಬಿನ ಡ್ಯೂವಾರ್ ಟ್ರೋಫಿ ಮೊದಲ ಸಲ ಅಮೆರಿಕದ ಕಾರಿಗೆ ಹೋಯಿತು. ‘ಜಗತ್ತಿಗೇ ಮಾನದಂಡ’ ಎಂಬ ಕ್ಯಾಡಿಲಾಕ್‌ನ ಜಾಹೀರಾತಿನ ಘೋಷಣೆಗೆ ಬುನಾದಿ ಇದೇ. ನನ್ನ ಲೆಕ್ಕದಲ್ಲಿ ಆ ಕಂಪನಿಯ ನೂರಿಪ್ಪತ್ತು ವರ್ಷಗಳ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ದಿನ ಇನ್ನೊಂದಿಲ್ಲ.

ಮರುವರ್ಷವೇ ಜನರಲ್ ಮೋಟಾರ್ಸ್ ಅದನ್ನು ಕೊಂಡುಕೊಂಡಿತು. 1912ರ ಮಾದರಿಯಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂತು. ಅದಕ್ಕೆ ಮುಂಚೆ ಕಾರಿನ ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕು. ಅದು ತಿರುಗಿ ಹೊಡೆದರೆ ಮುಂಗೈ ಮುರಿಯುತ್ತಿತ್ತು, ದವಡೆ ಒಡೆಯುತ್ತಿತ್ತು. ನಮ್ಮ ಗ್ಯಾರೇಜುಗಳಲ್ಲಿ ಇವತ್ತಿಗೂ ‘ಸೆಲ್ಫ್ ಎತ್ತುತ್ತಿಲ್ಲ’ ಎಂದು ಬೈಸಿಕೊಳ್ಳುವ ಸಾಧನದ ಮೂಲಪುರುಷ ಆ ಕಾರಿನಲ್ಲಿದ್ದ. ಹೆಂಗಸರು, ಮುದುಕರು ಯಾರ ಹಂಗೂ ಇಲ್ಲದೆ ಕಾರು ಹೊರಡಿಸುವಂತಾದದ್ದು ಅಲ್ಲಿಂದ.

ಲೆಲ್ಯಾಂಡ್ 1917ರಲ್ಲಿ ಹೊರಬಿದ್ದು ಯುದ್ಧವಿಮಾನದ ಎಂಜಿನ್ ಮಾಡಲು ಲಿಂಕನ್ ಕಂಪನಿ ಕಟ್ಟಿದ, ಯುದ್ಧ ಮುಗಿದ ಮೇಲೆ ಅದೇ ಹೆಸರಿನ ಕಾರು ಮಾಡಿದ. ಅದು ದಿವಾಳಿಯ ಅಂಚಿಗೆ ಬಂದಾಗ 1922ರಲ್ಲಿ 80 ಲಕ್ಷ ಡಾಲರಿಗೆ ಕೊಂಡವನು ಬೇರೆ ಯಾರೂ ಅಲ್ಲ, ಹೆನ್ರಿ ಫೋರ್ಡ್. ಕೆಲವೇ ತಿಂಗಳಲ್ಲಿ ಮುದುಕನನ್ನು ಆಚೆಗೆ ಕಳಿಸಿದ. ಫೋರ್ಡ್ ಬಿಟ್ಟುಹೋದ ಜಾಗದಲ್ಲಿ ಕ್ಯಾಡಿಲಾಕ್ ಬೆಳೆಸಿದ್ದಕ್ಕೆ ಇಪ್ಪತ್ತು ವರ್ಷದ ಮೇಲೆ ಬಡ್ಡಿ ಸಮೇತ ತೀರಿಸಿಕೊಂಡ ಎನ್ನಬೇಕು. ಅಮೆರಿಕದ ಎರಡು ದೊಡ್ಡ ಐಷಾರಾಮಿ ಹೆಸರುಗಳೂ ಲೆಲ್ಯಾಂಡ್ ಒಬ್ಬನ ಕೈಯಲ್ಲೇ ಹುಟ್ಟಿ, ಎರಡೂ ಅವನ ಕೈತಪ್ಪಿದವು.

1930ರಲ್ಲಿ ಹದಿನಾರು ಸಿಲಿಂಡರಿನ ಎಂಜಿನ್ ತಂದರು. ಮುಹೂರ್ತ ಮಾತ್ರ ಕೆಟ್ಟದ್ದು. ಷೇರುಪೇಟೆ ಕುಸಿದು ಸಿರಿವಂತರೇ ಕಾಣೆಯಾಗಿದ್ದರು; ಹತ್ತು ವರ್ಷದಲ್ಲಿ ಸುಮಾರು ನಾಲ್ಕು ಸಾವಿರ ಕಾರು ಮಾಡಿ ಕೈಬಿಟ್ಟರು. ಕಂಪನಿಯೇ ಮುಚ್ಚುವ ಮಾತು ನಡೆಯುತ್ತಿದ್ದಾಗ ಸರ್ವಿಸ್ ವಿಭಾಗದ ನಿಕೊಲಸ್ ಡ್ರೈಸ್ಟಾಟ್ ಒಂದು ಸಂಗತಿ ಗಮನಿಸಿದ. ರಿಪೇರಿಗೆ ಬರುವ ಕಾರುಗಳಲ್ಲಿ ಎಷ್ಟೋ ಕಪ್ಪುಜನರವು: ಬಾಕ್ಸರು, ಗಾಯಕರು, ಡಾಕ್ಟರು. ಆದರೆ ಕಪ್ಪುಜನರಿಗೆ ಕ್ಯಾಡಿಲಾಕ್ ಮಾರಕೂಡದು ಎನ್ನುವುದು ಕಂಪನಿಯ ನೀತಿ! ಹಾಗಾಗಿ ಅವರು ಬಿಳಿಯನೊಬ್ಬನಿಗೆ ಕಮಿಷನ್ ಕೊಟ್ಟು ಅವನ ಹೆಸರಲ್ಲಿ ಕೊಳ್ಳುತ್ತಿದ್ದರು. ಆ ಕಮಿಷನ್ ನಮಗೇ ಬರಲಿ, ನೇರವಾಗಿ ಮಾರೋಣ ಎಂದು ಡ್ರೈಸ್ಟಾಟ್ ಮೇಲಿನವರನ್ನು ಒಪ್ಪಿಸಿದ. ಆಡಳಿತತಜ್ಞ ಪೀಟರ್ ಡ್ರಕರ್ ತಮ್ಮ ನೆನಪಿನ ಪುಸ್ತಕದಲ್ಲಿ ಇದನ್ನು ಬರೆದಿದ್ದಾರೆ. ಕ್ಯಾಡಿಲಾಕ್ ಉಳಿಯಿತು, ಡ್ರೈಸ್ಟಾಟ್ 1934ರಲ್ಲಿ ಅದರ ಮುಖ್ಯಸ್ಥನಾದ. ಇದನ್ನು ಔದಾರ್ಯ ಎಂದು ಹೊಗಳುವುದು ಬೇಡ, ವ್ಯಾಪಾರಿಯ ಲೆಕ್ಕ. ಆದರೂ ಹೋಟೆಲ್ಲು, ಮೊಹಲ್ಲಾ ಎಲ್ಲೆಡೆ ತಡೆಯಿದ್ದ ಒಬ್ಬ ಮನುಷ್ಯನಿಗೆ ಆ ಕಾರಿನ ಸ್ಟಿಯರಿಂಗ್ ಹಿಡಿಯುವುದೆಂದರೆ ಏನಿದ್ದಿರಬೇಕು!

ಎರಡನೇ ಮಹಾಯುದ್ಧದ ನಂತರದ ಹದಿನೈದು ವರ್ಷ ಕ್ಯಾಡಿಲಾಕ್‌ನ ಹೊನ್ನಿನ ಕಾಲ, ಮುರ್ಮುಗಾಂವ್‌ನ ಅದಿರಿನ ಸುಗ್ಗಿಗೂ ಅದೇ ಕಾಲ. 1948ರ ಮಾದರಿಯ ಹಿಂಬದಿಯಲ್ಲಿ ಎರಡು ಸಣ್ಣ ರೆಕ್ಕೆ ಮೂಡಿದವು. ಪಿ-38 ಯುದ್ಧವಿಮಾನದ ಬಾಲ ನೋಡಿ ವಿನ್ಯಾಸಕಾರ ಹಾರ್ಲಿ ಅರ್ಲ್‌ನ ತಂಡ ಬರೆದದ್ದು. ವರ್ಷ ವರ್ಷವೂ ರೆಕ್ಕೆ ಬೆಳೆದು 1959ಕ್ಕೆ ತುತ್ತತುದಿ ಮುಟ್ಟಿತು. ಆ ವರ್ಷದ ಕಾರು ಸುಮಾರು 5.7 ಮೀಟರ್ ಉದ್ದ. ರೆಕ್ಕೆಯ ನಡುಮಧ್ಯೆ ಬಂದೂಕಿನ ಗುಂಡಿನಾಕಾರದ ಜೋಡಿ ಕೆಂಪು ದೀಪ, ಮುಂದೆ ಕ್ರೋಮಿನ ಹಲ್ಲುಸಾಲು. ರೆಕ್ಕೆಯಿಂದ ಕಾರಿನ ಓಟಕ್ಕೆ ಕವಡೆಯಷ್ಟೂ ಉಪಯೋಗವಿರಲಿಲ್ಲ. ಆದರೆ ಎಲ್ವಿಸ್ ಪ್ರೆಸ್ಲಿ ಕಾರು ಓಡಿಸಲು ಬಾರದ ತನ್ನ ತಾಯಿಗೆ ಗುಲಾಬಿ ಬಣ್ಣದ ಕ್ಯಾಡಿಲಾಕ್ ಕೊಟ್ಟದ್ದನ್ನು ನೆನೆದರೆ, ಕೊಳ್ಳುವವರು ಓಟವನ್ನೇ ಕೊಳ್ಳುತ್ತಿರಲಿಲ್ಲ ಎಂದು ತಿಳಿಯುತ್ತದೆ.

ರೋಗ ಶುರುವಾದದ್ದೂ ಅಲ್ಲೇ. ಅಳತೆಯ ನಿಖರತೆಯಿಂದ ಗಳಿಸಿದ ಹೆಸರನ್ನು ಗಾತ್ರ ತೋರಿಸಿ ಖರ್ಚು ಮಾಡತೊಡಗಿದರು. 1970ರ ದಶಕದಲ್ಲಿ ಎಲ್ಡೊರಾಡೊ ಮಾದರಿಯ ಎಂಜಿನ್ 8.2 ಲೀಟರ್, ನಮ್ಮ ಐದು ಅಂಬಾಸಿಡರ್‌ಗಳ ಎಂಜಿನ್ ಕೂಡಿಸಿದರೂ ಅಷ್ಟಾಗದು. 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದಾಗ ಬಂಕುಗಳ ಮುಂದೆ ಸಾಲು ನಿಂತವು. ಆದರೂ ಹಳೆಯ ಹೆಸರಿನ ಬಲದ ಮೇಲೆ ದಶಕದ ಕೊನೆಗೆ ವರ್ಷಕ್ಕೆ ಮೂರೂವರೆ ಲಕ್ಷ ಕಾರು ಖರ್ಚಾದವು. 1981ರಲ್ಲಿ ಪೆಟ್ರೋಲ್ ಉಳಿಸಲು ಎಂಟು ಸಿಲಿಂಡರಿನಲ್ಲಿ ಎರಡು, ನಾಲ್ಕನ್ನು ಓಡುತ್ತಲೇ ಬಂದ್ ಮಾಡುವ ಎಂಜಿನ್ ತಂದರು. ಉಪಾಯ ಚೆನ್ನಾಗಿತ್ತು, ಆದರೆ ಆಗಿನ ಕಂಪ್ಯೂಟರ್ ಅದಕ್ಕೆ ಸಾಲದು, ಕಾರು ಜಗ್ಗಾಡುತ್ತಿತ್ತು. ಗಿರಾಕಿಗಳು ಮೆಕ್ಯಾನಿಕ್ ಹತ್ತಿರ ಹೋಗಿ ಆ ವ್ಯವಸ್ಥೆಯ ವೈರನ್ನೇ ಕೀಳಿಸಿದರು. ಅದೇ ವರ್ಷ ಸಿಮಾರೋನ್ ಬಂತು: ಅಗ್ಗದ ಷೆವರ್ಲೆ ಕ್ಯಾವಲಿಯರ್‌ಗೆ ಚರ್ಮದ ಸೀಟು ಹೊದಿಸಿ, ಕ್ಯಾಡಿಲಾಕ್ ಲಾಂಛನ ಅಂಟಿಸಿದ ಕಾರು. ಜನ ಮೋಸಹೋಗಲಿಲ್ಲ. ಗಿಲೀಟು ಒಡವೆಯನ್ನು ಚಿನ್ನದಂಗಡಿಯಲ್ಲಿ ಇಟ್ಟಂತಾಗಿ ಪಕ್ಕದ ನಿಜವಾದ ಸರಕಿನ ಮೇಲೂ ಅನುಮಾನ ಬಿತ್ತು.

ಅಷ್ಟರಲ್ಲಿ ಜಪಾನ್ ಸಿದ್ಧವಾಗಿತ್ತು. ಟೊಯೋಟಾ 1983ರಿಂದ ಗುಟ್ಟಾಗಿ ತಯಾರಿಸಿದ ಲೆಕ್ಸಸ್ ಎಲ್‌ಎಸ್ 400 ಕಾರನ್ನು 1989ರ ಜನವರಿಯಲ್ಲಿ, ಅದೂ ಡೆಟ್ರಾಯಿಟ್ ಪ್ರದರ್ಶನದಲ್ಲೇ, ಅನಾವರಣ ಮಾಡಿತು. ಸದ್ದಿಲ್ಲದ ಎಂಜಿನ್, ಬಾಗಿಲಿಗೂ ಬಾಡಿಗೂ ನಡುವೆ ಉದ್ದಕ್ಕೂ ಒಂದೇ ಸಮನಾದ ಸಂದಿ. 1908ರ ಲೆಲ್ಯಾಂಡ್ ನೋಡಿದ್ದರೆ ಬೆನ್ನು ತಟ್ಟುತ್ತಿದ್ದ. 2000ದ ಹೊತ್ತಿಗೆ ಅಮೆರಿಕದ ಐಷಾರಾಮಿ ಕಾರುಪೇಟೆಯಲ್ಲಿ ಲೆಕ್ಸಸ್ ಮೊದಲ ಸ್ಥಾನಕ್ಕೆ ಬಂತು. ಯಾವ ಕಾರಿನ ತಗಡಿನಲ್ಲಿ ಯಾವ ಗಣಿಯ ಮಣ್ಣಿದೆ ಎಂದು ಯಾರೂ ಗುರುತು ಹಚ್ಚಲಾರರು. ಆದರೆ ಜಪಾನಿನ ಕಾರು ಉದ್ಯಮ ನಿಂತದ್ದು ಉಕ್ಕಿನ ಮೇಲೆ, ಆ ಉಕ್ಕಿಗೆ ಬೇಕಾದ ಅದಿರಿನ ಒಂದು ಪಾಲು ದಶಕಗಟ್ಟಲೆ ಹೊರಟದ್ದು ಝುವಾರಿಯ ಈ ದಂಡೆಯಿಂದ.

1998ರಲ್ಲಿ ಇನ್ನೊಂದು ಮುಖಭಂಗ. ಕೆಲವೇ ನೂರು ಕಾರುಗಳ ಅಂತರದಲ್ಲಿ ಲಿಂಕನ್ ಅನ್ನು ಹಿಂದಿಕ್ಕಿದೆವು ಎಂದು ಕ್ಯಾಡಿಲಾಕ್ ಸಾರಿತು. ತಿಂಗಳುಗಳ ಬಳಿಕ ಲೆಕ್ಕವೇ ತಪ್ಪು ಎಂದು ಒಪ್ಪಿ ಕ್ಷಮೆ ಕೇಳಿತು. ಗೆದ್ದದ್ದು ಲೆಲ್ಯಾಂಡ್‌ನ ಕಿರಿಮಗು. ನಂತರ ಎಸ್ಕಲೇಡ್ ಎಂಬ ಆನೆಗಾತ್ರದ ಎಸ್‌ಯುವಿ ಕ್ಯಾಡಿಲಾಕ್ ಅನ್ನು ಮೇಲೆತ್ತಿತು; ಹಿಪ್‌ಹಾಪ್ ಗಾಯಕರು ಕಂಪನಿ ಕೇಳದೆಯೇ ಅದರ ಪ್ರಚಾರ ಮಾಡಿದರು. 2009ರಲ್ಲಿ ಜನರಲ್ ಮೋಟಾರ್ಸ್ ದಿವಾಳಿ ಘೋಷಿಸಿದಾಗ ಪಾಂಟಿಯಾಕ್, ಸ್ಯಾಟರ್ನ್ ಸತ್ತವು, ಕ್ಯಾಡಿಲಾಕ್ ಬದುಕಿತು. 2017ರಲ್ಲಿ ಚೀನಾದ ಮಾರಾಟ ಅಮೆರಿಕದ್ದನ್ನೂ ಮೀರಿತು. ಈಗ ಲಿರಿಕ್‌ನಂಥ ವಿದ್ಯುತ್ ಕಾರುಗಳಿವೆ. 2026ರ ಫಾರ್ಮುಲಾ ಒನ್‌ಗೆ ಹನ್ನೊಂದನೇ ತಂಡವಾಗಿ ಹೆಸರು ನೋಂದಾಯಿಸಿದೆ. ಅಮೆರಿಕ ಅಧ್ಯಕ್ಷರ ‘ಬೀಸ್ಟ್’ ಕಾರಿನ ಮೂತಿಯ ಮೇಲೂ ಇದೇ ಲಾಂಛನ. ಒಬಾಮ 2015ರ ಗಣರಾಜ್ಯೋತ್ಸವಕ್ಕೆ ಬಂದಾಗ ದೆಹಲಿಯವರು ಅದನ್ನು ನೋಡಿದ್ದಾರೆ.

ಬಂದರಿನ ಅದೃಷ್ಟವೂ ಒಂದೇ ತೆರನಾಗಿ ಉಳಿಯಲಿಲ್ಲ. 1961ರ ಡಿಸೆಂಬರ್‌ನಲ್ಲಿ ಗೋವಾ ಭಾರತಕ್ಕೆ ಸೇರಿದ ಮೇಲೆ ಆಮದಿನ ಬಾಗಿಲು ಮುಚ್ಚಿತು. ಇದ್ದ ವಿದೇಶಿ ಕಾರುಗಳೇ ಬಿಡಿಭಾಗವಿಲ್ಲದೆ, ಸ್ಥಳೀಯ ಮಿಸ್ತ್ರಿಗಳ ಕೈಚಳಕದಲ್ಲಿ ವರ್ಷಗಟ್ಟಲೆ ಓಡಿದವು. ಗಣಿಗಾರಿಕೆ 2012ರಲ್ಲಿ ಒಮ್ಮೆ ನಿಂತಿತು, 2018ರಲ್ಲಿ ಸುಪ್ರೀಂ ಕೋರ್ಟ್ ಗುತ್ತಿಗೆಗಳನ್ನು ರದ್ದು ಮಾಡಿದಾಗ ಮತ್ತೊಮ್ಮೆ. ಈಗ ಇಲ್ಲಿ ಮುಖ್ಯವಾಗಿ ಇಳಿಯುವುದು ಕಲ್ಲಿದ್ದಲು. ಹಿಂದೆ ಅದಿರು ಇಳಿದ ಹಳಿಯಲ್ಲೇ ಅದು ಘಟ್ಟ ಹತ್ತಿ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಸೇರುತ್ತದೆ.

ಕ್ಯಾಡಿಲಾಕ್ ಕೊಳ್ಳುವ ಆಸೆಯಿದ್ದವರಿಗೆ ಭಾರತದಲ್ಲಿ ಅದರ ಷೋರೂಮಿಲ್ಲ. ಜನರಲ್ ಮೋಟಾರ್ಸ್ 2017ರ ಕೊನೆಗೆ ಇಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು. 2003ರಲ್ಲಿ ಶುರುವಾದ ಬೆಂಗಳೂರಿನ ತಾಂತ್ರಿಕ ಕೇಂದ್ರವನ್ನು ಮಾತ್ರ ಉಳಿಸಿಕೊಂಡಿತು. ಹಳೆಯ ಕಾರುಗಳನ್ನು ಹತ್ತಿರದಿಂದ ನೋಡಬೇಕೆಂದರೆ ಡೆಟ್ರಾಯಿಟ್‌ಗೇ ಹೋಗಬೇಕಿಲ್ಲ. ಧರ್ಮಸ್ಥಳದಲ್ಲಿ ಕಾರು ಸಂಗ್ರಹಾಲಯವಿದೆ, ಮೈಸೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಬಳಿ ‘ಪಯಣ’ ಇದೆ. ಹೋದಾಗ ಬಣ್ಣ, ಕ್ರೋಮು ನೋಡಿ ತಿರುಗಿ ಬರಬೇಡಿ. ಬಾಗಿಲ ಸಂದಿಯನ್ನೂ ಒಮ್ಮೆ ಬಗ್ಗಿ ನೋಡಿ.