ಒಂದೇ ರೂಪ, ಎರಡು ಸಂಕೇತ: ಸ್ಥಿರ ವಿಶ್ಲೇಷಕಗಳ ಎಚ್ಚರಿಕೆಗಳು ಮತ್ತು ಕನ್ನಡ–ತೆಲುಗು ಲಿಪಿ

ಪ್ರೋಗ್ರಾಮನ್ನು ಚಾಲನೆಗೊಳಿಸದೆಯೇ ಅದರ ಆಕರ ಪಠ್ಯವನ್ನು ಓದಿ ದೋಷಗಳನ್ನು ಸೂಚಿಸುವ ಸಾಧನಗಳಿಗೆ ಸ್ಥಿರ ವಿಶ್ಲೇಷಕಗಳೆಂದು ಹೆಸರು. ಬೆಲ್ ಪ್ರಯೋಗಾಲಯದ ಸ್ಟೀಫನ್ ಜಾನ್ಸನ್ 1978ರ ಸುಮಾರಿಗೆ ಸಿ ಭಾಷೆಗಾಗಿ ರೂಪಿಸಿದ ‘ಲಿಂಟ್’ ಇವುಗಳಲ್ಲಿ ಮೊದಲಿನವುಗಳಲ್ಲೊಂದು. ಬಟ್ಟೆಗೆ ಅಂಟಿಕೊಳ್ಳುವ ನೂಲಿನ ಚೂರಿಗೆ ಇಂಗ್ಲಿಷಿನಲ್ಲಿರುವ ಹೆಸರೇ ಅದು. ಹತ್ತಿ ಮತ್ತು ಜೀನ್ಸ್ ಹೊಲಿಗೆಯ ಊರಾದ ಬಳ್ಳಾರಿಯವರಿಗೆ ಈ ರೂಪಕವನ್ನು ವಿವರಿಸಬೇಕಾಗಿಲ್ಲ.

ಬಳ್ಳಾರಿಯನ್ನು ಇಲ್ಲಿ ನೆನೆಯುವುದಕ್ಕೆ ಬೇರೊಂದು ಕಾರಣವೂ ಉಂಟು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯವನ್ನು ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸಂದವು. ಗಡಿ ಬೇರ್ಪಟ್ಟರೂ ಪಾರ್ವತಿನಗರದಲ್ಲಾಗಲಿ ಸಿರುಗುಪ್ಪದಲ್ಲಾಗಲಿ ಎರಡೂ ಲಿಪಿಗಳನ್ನು ಓದಬಲ್ಲವರು ಅಪರೂಪವಲ್ಲ. ಒಂದೇ ಮೂಲದಿಂದ ಕವಲೊಡೆದ ಈ ಲಿಪಿಗಳ ಅ, ಆ ಮೊದಲಾದ ಅಕ್ಷರಗಳು ಕಣ್ಣಿಗೆ ಬಹುಮಟ್ಟಿಗೆ ಒಂದೇ. ಯಂತ್ರಕ್ಕೆ ಹಾಗಲ್ಲ: ಯೂನಿಕೋಡ್‌ನಲ್ಲಿ ಕನ್ನಡದ ಅಕಾರದ ದಶಮಾನ ಸಂಖ್ಯೆ 3205, ತೆಲುಗಿನ ಅಕಾರದ್ದು 3077.

2008ರಲ್ಲಿ ಬಂದ ಪೈಥಾನ್ 3ರಿಂದೀಚೆಗೆ ಆ ಭಾಷೆಯಲ್ಲಿ ಚರಗಳಿಗೆ ಕನ್ನಡದ ಹೆಸರಿಡಬಹುದು. ‘ಅಳತೆ’ ಎಂಬ ಚರಕ್ಕೆ ಮೊದಲು ಸೊನ್ನೆಯನ್ನು ಕೊಟ್ಟು, ಮುಂದಿನ ಸಾಲಿನಲ್ಲಿ ನಿಜವಾದ ಬೆಲೆಯನ್ನು ತುಂಬುವಾಗ ಕೀಲಿಮಣೆ ತೆಲುಗಿಗೆ ಜಾರಿ ಮೊದಲಕ್ಷರ ಮಾತ್ರ ಆ ಲಿಪಿಯದಾಯಿತೆಂದು ಭಾವಿಸೋಣ. ಈಗ ಇರುವುದು ಎರಡು ಚರಗಳು. ಫಲಿತವಾಗಿ ಹಿಂದಿರುಗುವುದು ಸೊನ್ನೆಯೇ. ವಿಶ್ಲೇಷಕವು ‘ಅಳತೆ ಎಂಬ ಚರ ಬಳಕೆಯಾಗಿಲ್ಲ’ ಎಂದು ಎಚ್ಚರಿಸುತ್ತದೆ. ಬರೆದವನ ಕಣ್ಣಿಗಾದರೋ ಅದು ಮರುಸಾಲಿನಲ್ಲೇ ಬಳಕೆಯಾಗಿದೆ! ಸಾಧನವೇ ತಪ್ಪಿದೆಯೆಂದು ಬಗೆದು ಆ ಎಚ್ಚರಿಕೆಯನ್ನು ಅಡಗಿಸಿಬಿಡುವುದು ಸಹಜ. ಎಚ್ಚರಿಕೆ ಸುಳ್ಳಲ್ಲ, ಆದರೆ ಅದು ಹೆಸರನ್ನು ತೋರಿಸುತ್ತದೆಯೇ ಹೊರತು ಸಂಕೇತವನ್ನಲ್ಲ.

ಪೈಲಿಂಟ್ ಎಂಬ ಸಾಧನದಲ್ಲಿ ಇನ್ನೊಂದು ಸೂಚನೆಯೂ ಇದೆ. ಹೆಸರಿನಲ್ಲಿ ಆಸ್ಕಿಯಲ್ಲದ ಅಕ್ಷರವಿದೆ, ಬದಲಿಸುವುದು ಒಳಿತು ಎಂಬುದು ಅದರ ಸಾರ. ಶುದ್ಧ ಕನ್ನಡದ ಹೆಸರಿಗೂ ಬೆರಕೆಯ ಹೆಸರಿಗೂ ಇದು ಒಂದೇ ಮಾತು ಹೇಳುವುದರಿಂದ ಕನ್ನಡದಲ್ಲಿ ಬರೆಯುವವನು ಮೊದಲ ದಿನವೇ ಅದನ್ನು ನಿಲ್ಲಿಸುತ್ತಾನೆ. ನಿಲ್ಲಿಸದೆ ಗತ್ಯಂತರವೂ ಇಲ್ಲ. ರಸ್ಟ್ ಭಾಷೆಯ ಸಂಕಲಕ ಇದಕ್ಕಿಂತ ಮೇಲು. 2021ರಲ್ಲಿ ಇತರ ಲಿಪಿಗಳ ಹೆಸರುಗಳಿಗೆ ಅವಕಾಶವಿತ್ತಾಗಲೇ, ಯೂನಿಕೋಡ್‌ನ ಸದೃಶಾಕ್ಷರ ಪಟ್ಟಿಯನ್ನಾಧರಿಸಿ ಗೊಂದಲಕ್ಕೆಡೆಮಾಡುವ ಹೆಸರುಗಳ ಜೋಡಿಯನ್ನು ಅದು ಗುರುತಿಸತೊಡಗಿತು. ಆದರೂ ಆ ಸಂದೇಶದಲ್ಲಿ ಓದುಗನಿಗೆ ಕಾಣುವುದು ‘ಅಳತೆ’ ಮತ್ತು ‘ಅಳತೆ’! ಲಿಪಿಬೆರಕೆಯ ಕುರಿತ ಅದರ ಬೇರೊಂದು ಎಚ್ಚರಿಕೆ ಮಾತ್ರ ಲಿಪಿಯ ಹೆಸರನ್ನೂ ಅಕ್ಷರದ ಸಂಖ್ಯೆಯನ್ನೂ ನಮೂದಿಸುತ್ತದೆ. ಜೋಡಿಯ ಸಂದೇಶಕ್ಕೂ ಬೇಕಾದುದು ಅಷ್ಟೇ.

‘ಸಾಫ್ಟ್‌ವೇರ್’ ಎಂಬ ಪದದಲ್ಲಿ ಒತ್ತಕ್ಷರವಾಗದಂತೆ ತಡೆಯುವ ಕಾಣದ ಚಿಹ್ನೆಯ ಪಾಡು ಬೇರೆ. ಪೈಥಾನ್ ಅದನ್ನು ಹೆಸರಿನೊಳಗೆ ಒಪ್ಪುವುದಿಲ್ಲ. ಆದರೆ ಇತ್ತೀಚಿನ ಆವೃತ್ತಿಗಳು ಮುದ್ರಣಯೋಗ್ಯವಲ್ಲದ ಚಿಹ್ನೆಯೆಂದು ಹೇಳಿ ಅದರ ಯೂನಿಕೋಡ್ ಸಂಖ್ಯೆಯನ್ನೂ ಕೊಡುತ್ತವೆ. ಕಾಣದಿದ್ದರೂ ಹುಡುಕಿ ಅಳಿಸಬಹುದು.