ಊರಿನಿಂದ ಬರುವ ಟ್ಯೂಬು

ರಜೆ ಮುಗಿಸಿ ಊರಿನಿಂದ ಮರಳುವ ನಮ್ಮವರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಹಪ್ಪಳಗಳ ಜೊತೆಗೆ ಒಂದು ಮುಲಾಮಿನ ಟ್ಯೂಬೂ ಇರುವುದುಂಟು. ತೊಡೆಸಂದಿಗೋ ಸೊಂಟಕ್ಕೋ ಬರುವ ಹುಳುಕಡ್ಡಿಗೆ ಅದು ರಾಮಬಾಣವೆಂದು ಖ್ಯಾತಿ. ಅದರ ಮೇಲಿನ ಸಣ್ಣಕ್ಷರಗಳನ್ನು ಓದುವವರು ಕಡಿಮೆ. ರಸಾಯನಶಾಸ್ತ್ರವೇ ನನ್ನ ಹೊಟ್ಟೆಪಾಡಾದ್ದರಿಂದ ಅವನ್ನು ಓದುವ ಚಟ ನನಗಿದೆ.

ಹುಳುಕಡ್ಡಿಯಲ್ಲಿ ಹುಳುವಿಲ್ಲ. ಗಜಕರ್ಣವೆಂದೂ ಕರೆಯುವ ಈ ಕಾಯಿಲೆ ಒಂದು ಬಗೆಯ ಬೂಷ್ಟಿನಿಂದ, ಅಂದರೆ ಶಿಲೀಂಧ್ರದಿಂದ ಬರುತ್ತದೆ. ಟ್ರೈಕೋಫೈಟಾನ್, ಮೈಕ್ರೋಸ್ಪೋರಂ, ಎಪಿಡರ್ಮೋಫೈಟಾನ್ ಎಂಬವು ಈ ಬಳಗದ ಮುಖ್ಯರು. ಇವುಗಳ ಆಹಾರ ಕೆರಾಟಿನ್: ಚರ್ಮದ ಸತ್ತ ಮೇಲ್ಪದರ, ಕೂದಲು, ಉಗುರು. ಗಂಧಕದ ಬೆಸುಗೆಗಳಿಂದ ಗಟ್ಟಿಯಾದ ಈ ಪ್ರೋಟೀನನ್ನು ಜೀರ್ಣಿಸುವುದು ಸುಲಭವಲ್ಲ. ಶಿಲೀಂಧ್ರ ಮೊದಲು ಸಲ್ಫೈಟನ್ನು ಸ್ರವಿಸಿ ಬೆಸುಗೆ ಬಿಚ್ಚುತ್ತದೆ, ಆಮೇಲೆ ಕಿಣ್ವಗಳಿಂದ ಕತ್ತರಿಸಿ ಉಣ್ಣುತ್ತದೆ. (ಕೂದಲಿಗೆ ಗುಂಗುರು ಹಾಕುವ ಪಾರ್ಲರಿನವರು ಬಿಚ್ಚುವುದೂ ಇದೇ ಬೆಸುಗೆಯನ್ನು!) ಅದಕ್ಕೆ ಬೇಕಾದುದು ಬೆವರು ಮತ್ತು ಬಿಸಿ. ಅಸ್ಕರ್‌ನ ಆಗಸ್ಟ್ ತಿಂಗಳಲ್ಲಿ ಸೇಫ್ಟಿ ಬೂಟಿನೊಳಗೆ ಇವೆರಡಕ್ಕೂ ಬರವಿಲ್ಲ.

ಈಗ ಟ್ಯೂಬಿಗೆ ಬರೋಣ. ಇಂಥ ಅನೇಕ ಮುಲಾಮುಗಳಲ್ಲಿ ಶಿಲೀಂಧ್ರದ ಮದ್ದಿನೊಡನೆ ಕ್ಲೋಬೆಟಸಾಲ್ ಅಥವಾ ಬೀಟಾಮೆಥಸೋನ್ ಎಂಬ ಸ್ಟೆರಾಯ್ಡ್ ಬೆರೆತಿರುತ್ತದೆ. ತುರಿಕೆ, ಕೆಂಪು ಇವು ಶರೀರ ಶಿಲೀಂಧ್ರದೊಡನೆ ಕಾದಾಡುತ್ತಿರುವ ಗುರುತು. ಸ್ಟೆರಾಯ್ಡ್ ಆ ಕಾಳಗವನ್ನೇ ನಿಲ್ಲಿಸುತ್ತದೆ. ಎರಡು ದಿನದಲ್ಲಿ ಹಾಯೆನಿಸುತ್ತದೆ. ಶಿಲೀಂಧ್ರ ಮಾತ್ರ ಎದುರಾಳಿಯಿಲ್ಲದೆ ಹಬ್ಬುತ್ತದೆ. ಬಹುಕಾಲ ಹಚ್ಚಿದರೆ ಚರ್ಮ ತೆಳುವಾಗಿ, ಅಳಿಸಲಾಗದ ಗೆರೆಗಳು ಮೂಡುತ್ತವೆ. ಭಾರತದಲ್ಲಿ 2018ರಲ್ಲಿ ಹಲವು ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಲಾಯಿತು. ಅಂಗಡಿಯಲ್ಲಿ ಕೇಳಿದರೆ ಕೊಡುವವರು ಇನ್ನೂ ಇದ್ದಾರೆ.

ಇದು ಊರಿನ ಸಮಸ್ಯೆ, ನಮಗೇನು ಎನ್ನುವಂತಿಲ್ಲ. ಬಹರೈನಿನ ಒಂದು ಹಸುಗೂಸಿನ ಮೈಯಲ್ಲಿ ವಿಪರೀತವಾಗಿ ಹರಡಿದ್ದ ಹುಳುಕಡ್ಡಿಯನ್ನು ಜರ್ಮನಿಯ ವೈದ್ಯರು 2019ರಲ್ಲಿ ವರದಿ ಮಾಡಿದರು. ಶಿಲೀಂಧ್ರ ಭಾರತೀಯ ಮಾದರಿಯದು. ಟರ್ಬಿನಾಫಿನ್ ಎಂಬ ಪ್ರಸಿದ್ಧ ಮದ್ದಿಗೆ ಬಗ್ಗದ್ದು. ಮರುವರ್ಷ ಜಪಾನಿನ ಸಂಶೋಧಕರು ಈ ಮಾದರಿಗೆ ಟ್ರೈಕೋಫೈಟಾನ್ ಇಂಡೋಟೀನಿಯೆ ಎಂದು ಹೆಸರಿಟ್ಟರು. ನಮ್ಮ ದೇಶದ ಹೆಸರು ಇಂಥದಕ್ಕೂ ಅಂಟಿತು! ಟರ್ಬಿನಾಫಿನ್ ಶಿಲೀಂಧ್ರದ ಒಂದು ಕಿಣ್ವಕ್ಕೆ ಬೀಗದಲ್ಲಿ ಕೀಲಿಯಂತೆ ಕೂರಬೇಕು. ಆ ಕಿಣ್ವದಲ್ಲಿ ಒಂದೇ ಒಂದು ಅಮೈನೋ ಆಮ್ಲ, ಸಾಮಾನ್ಯವಾಗಿ 393ನೆಯದು ಇಲ್ಲವೆ 397ನೆಯದು, ಬದಲಾದರೆ ಸಾಕು, ಕೀಲಿ ಕೂರುವುದಿಲ್ಲ. ಸ್ಟೆರಾಯ್ಡ್ ಮಿಶ್ರಣಗಳ ಬೇಕಾಬಿಟ್ಟಿ ಬಳಕೆಯೇ ಈ ಹಾವಳಿಗೆ ಒಂದು ಮುಖ್ಯ ಕಾರಣವೆಂಬುದು ಅನೇಕ ಚರ್ಮವೈದ್ಯರ ಅಭಿಪ್ರಾಯ.

ಪರೀಕ್ಷೆ ಕಷ್ಟವೇನಲ್ಲ. ಚರ್ಮದ ಹೊಟ್ಟನ್ನು ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ನೆನೆಸಿದರೆ ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರದ ಎಳೆಗಳು ಕಾಣುತ್ತವೆ. ವೈದ್ಯರಲ್ಲಿಗೆ ಹೋಗುವಾಗ ಹಚ್ಚುತ್ತಿದ್ದ ಟ್ಯೂಬನ್ನೂ ಒಯ್ಯಿರಿ, ಮುಚ್ಚಿಡಬೇಡಿ. ಮನೆಯಲ್ಲಿ ಇನ್ನೊಬ್ಬರಿಗಿದ್ದರೆ ಅವರಿಗೂ ಜೊತೆಯಲ್ಲೇ ಚಿಕಿತ್ಸೆಯಾಗಲಿ. ಟವಲು ಬೇರೆ ಬೇರೆ ಇರಲಿ. ಒಳಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಇಲ್ಲಿ ಧಾರಾಳವಾಗಿ, ಪುಕ್ಕಟೆ ಸಿಗುವುದು ಅದೊಂದೇ.